ನಾಲ್ಕು ವಾಕಿಟಾಕಿ ತಂದರೆ ಆಯಿತೇ?

ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆಯ ಅಪಾರ್ಟ್‌ಮೆಂಟೊಂದರ ಫೋಟೊ ಬೆಳಗ್ಗೆಯಿಂದ ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತಿದೆ. ಮೇಜಿನ ಮೇಲೆ ಆನ್‌ಲೈನ್‌ನಲ್ಲಿ ತರಿಸಿದ ನಾಲ್ಕು ವಾಕಿಟಾಕಿ, ಪ್ಲಾಸ್ಟಿಕ್ ಕವರ್ ಕೂಡ ತೆಗೆದಿಲ್ಲ. ಕೆಳಗೆ ‘ಈ ಮಳೆಗಾಲಕ್ಕೆ ನಾವು ಸಿದ್ಧ’ ಎಂಬ ಒಕ್ಕಣೆ. ನೋಡಿ ಸಿಟ್ಟು ಬಂತು. ಆ ಜನಕ್ಕೆ ಕಾಳಜಿಯಾದರೂ ಇದೆ, ಅವರ ಮೇಲೆ ಸಿಟ್ಟಿಲ್ಲ. ಸಿಟ್ಟು ನಮ್ಮ ಮೇಲೆ. ಹ್ಯಾಮ್‌ಗಳಾದ ನಾವು, ಅಂದರೆ ಹವ್ಯಾಸಿ ರೇಡಿಯೊದವರು, ಹೋದಲ್ಲೆಲ್ಲ ಸೆಟ್ ತೋರಿಸುತ್ತೇವೆ, ಅಭ್ಯಾಸ ತೋರಿಸುವುದೇ ಇಲ್ಲ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಇಂಥ ವಾಕಿಟಾಕಿ ಹಿಡಿದು 144–146 ಮೆಗಾಹರ್ಟ್ಸ್‌ನ ಹ್ಯಾಮ್ ಬ್ಯಾಂಡಿನಲ್ಲಿ ಮಾತಾಡಲು ಹ್ಯಾಮ್ ಲೈಸೆನ್ಸ್ ಬೇಕೇ ಬೇಕು. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು, ಆರಂಭದ ರಿಸ್ಟ್ರಿಕ್ಟೆಡ್ ದರ್ಜೆಗೆ ಚುಕ್ಕೆ-ಗೆರೆಯ ಮೋರ್ಸ್ ಸಂಕೇತ ಬೇಡ. ಲೈಸೆನ್ಸ್ ವಿಷಯ ತಿಳಿಸದೆ ಇಂಥ ಸೆಟ್ ಮಾರಿದ್ದಕ್ಕೆ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಳಿಗೆಗಳಿಗೆ ನೋಟಿಸ್ ಕೊಟ್ಟಿದೆ.

‘ಲೈಸೆನ್ಸ್ ಬೇಡದ ಸಿಟಿಜನ್ಸ್ ಬ್ಯಾಂಡ್ ಇದೆಯಲ್ಲ’ ಅನ್ನುತ್ತೀರಿ. ಇದೆ. 26.957ರಿಂದ 27.283 ಮೆಗಾಹರ್ಟ್ಸ್, 5 ವಾಟ್‌ವರೆಗೆ, ಆಂಟೆನಾ ಮಾತ್ರ ಸೆಟ್‌ನಲ್ಲೇ ಕೂಡಿರಬೇಕು. ತೊಡಕಿರುವುದು ಅಲ್ಲೇ. ಆ ಅಲೆ 11 ಮೀಟರ್ ಉದ್ದ, ಅದರ ಕಾಲು ಭಾಗದ ಆಂಟೆನಾಗೇ 2.7 ಮೀಟರ್ ಬೇಕು. ಗೇಣುದ್ದದ ಕಡ್ಡಿಗೆ ಇಳಿಸಿದರೆ ಶಕ್ತಿಯ ಬಹುಪಾಲು ಸುಮ್ಮನೆ ಬಿಸಿಯಾಗಿ ಹೋಗುತ್ತದೆ. ಗೇಟಿನಿಂದ ಬ್ಲಾಕಿಗೆ ಸಾಕು. ಬೆಳ್ಳಂದೂರಿನ ಕರೆ ಶಿವಾಜಿನಗರ ಮುಟ್ಟುವುದಿಲ್ಲ.

ಇನ್ನು ‘ಮೊಬೈಲ್ ಇರುವಾಗ ಇದೆಲ್ಲ ಯಾಕೆ’ ಎನ್ನುವ ಪ್ರಶ್ನೆ. ಟವರಿನ ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ, ಆಮೇಲೆ ಡೀಸೆಲ್ ಬರಬೇಕು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯೇ ನೀರಿನಡಿ ಇತ್ತು, ಅಲ್ಲಿಗೆ ಡೀಸೆಲ್ ಯಾವ ದಾರಿಯಲ್ಲಿ ಬರಬೇಕು? ನಮ್ಮ ಜನರೇಟರ್, ಇಂಟರ್ನೆಟ್ ಪೆಟ್ಟಿಗೆ ಎರಡೂ ಬೇಸ್‌ಮೆಂಟಿನಲ್ಲೇ ಇರುತ್ತವೆ. ಸರ್ಕಾರದ ಎಚ್ಚರಿಕೆ ಸಂದೇಶಕ್ಕೂ ಜೀವಂತ ಟವರ್ ಬೇಕು, ಅದಕ್ಕೆ ತಿರುಗಿ ಉತ್ತರ ಕೊಡಲೂ ಆಗದು.

2004ರ ಡಿಸೆಂಬರ್ 26ರಂದು ಸುನಾಮಿ ಬಂದು ಅಂಡಮಾನ್‌ನ ದೂರವಾಣಿ ಕಡಿದಾಗ ಪೋರ್ಟ್ ಬ್ಲೇರ್‌ನಿಂದ ಸುದ್ದಿ ದಾಟಿಸಿದ್ದು ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ. ಆ ತಿಂಗಳ ಆರಂಭದಿಂದಲೇ ಅವರು ಅಲ್ಲಿಂದ ದಿನವೂ ಪ್ರಸಾರದಲ್ಲಿದ್ದರು. ಆಂಟೆನಾ ನಿಂತಿತ್ತು, ಕೈ ಪಳಗಿತ್ತು, ಆಚೆ ಕೇಳುವವರಿದ್ದರು. ಸುನಾಮಿ ಬಂದ ಮೇಲೆ ಸೆಟ್ ಬಿಚ್ಚಲು ಕೂತವರಲ್ಲ.

ನಾನು ಮತ್ತೆ ಮತ್ತೆ ಅಭ್ಯಾಸ ಅನ್ನುವುದು ಇದನ್ನೇ. ಬಟನ್ ಒತ್ತಿ ಒಂದು ಸೆಕೆಂಡ್ ತಡೆದು ಮಾತಾಡಬೇಕು, ಇಲ್ಲದಿದ್ದರೆ ಎತ್ತರದಲ್ಲಿ ಕೂತು ನಮ್ಮ ಮಾತನ್ನು ದೂರಕ್ಕೆ ದಾಟಿಸುವ ರಿಪೀಟರ್ ಎಚ್ಚರಾಗುವಷ್ಟರಲ್ಲಿ ಮೊದಲ ಪದ ನುಂಗಿಹೋಗಿರುತ್ತದೆ. ರಿಪೀಟರೇ ಸತ್ತರೆ ನೇರ ಮಾತಿಗೆ ಯಾವ ಫ್ರೀಕ್ವೆನ್ಸಿ ಎಂದು ಸೆಟ್ಟಿನ ಬೆನ್ನಿಗೆ ಚೀಟಿ ಅಂಟಿಸಿಡಬೇಕು. ಗದ್ದಲದಲ್ಲಿ ‘ಇಪ್ಪತ್ತು’ ಮತ್ತು ‘ಎಪ್ಪತ್ತು’ ಒಂದೇ ಥರ ಕೇಳುತ್ತವೆ, ಹಾಗಾಗಿ ‘ಎರಡು ಸೊನ್ನೆ’, ‘ಏಳು ಸೊನ್ನೆ’ ಎಂದು ಅಂಕಿ ಅಂಕಿಯಾಗಿ ಹೇಳಬೇಕು. ನಾಗವಾರಕ್ಕೆ ಹೋಗಬೇಕಾದ ದೋಣಿ ನಾಗರಭಾವಿಗೆ ಹೋಗಬಾರದಲ್ಲವೇ? ಹೆಸರಿನ ಜೊತೆ ಪಿನ್‌ಕೋಡ್ ಹೇಳಿ. ಕೇಳಿದವರು ಬರೆದುಕೊಂಡು ತಿರುಗಿ ಓದುವವರೆಗೆ ಸಂದೇಶ ತಲುಪಿಲ್ಲ.

ಟೆರೇಸಿನ ಆಂಟೆನಾದಿಂದ ಕೆಳಮನೆಗೆ ಆರ್‌ಜಿ-58 ಎಂಬ ತೆಳು ಕೇಬಲ್ ಎಳೆಯುವವರು ಲೆಕ್ಕ ಹಾಕಲಿ: 145 ಮೆಗಾಹರ್ಟ್ಸ್‌ನಲ್ಲಿ 15 ಮೀಟರ್ ದಾಟುವಷ್ಟರಲ್ಲೇ ಅರ್ಧ ಶಕ್ತಿ ಖಾಲಿ. ಸೆಟ್ ಹಿಡಿದು ನೀವೇ ಮೇಲಕ್ಕೆ ಹತ್ತುವುದು ಮೇಲು.

ಮಡಿಕೇರಿಯಂಥ ದೂರಕ್ಕೆ 7 ಮೆಗಾಹರ್ಟ್ಸ್ ಬೇಕು. ಆಂಟೆನಾಗೆ ಎರಡು ಕಡೆಗೆ ಹತ್ತತ್ತು ಮೀಟರ್ ತಂತಿ, ನೆಲದಿಂದ ನಾಲ್ಕೈದು ಮೀಟರ್ ಎತ್ತರ ಸಾಕು. ಅಲೆ ನೆತ್ತಿಗೇರಿ, ಆಕಾಶದ ಅಯಾನುಗೋಳಕ್ಕೆ ತಾಗಿ ತಿರುಗಿ, ಸುತ್ತಲಿನ ಮುನ್ನೂರು ಕಿಲೋಮೀಟರ್‌ಗೆ ಸುರಿಯುತ್ತದೆ. ಕತ್ತಲಾದ ಮೇಲೆ ಹತ್ತಿರದವರು ಕೇಳಿಸದಾಗುತ್ತಾರೆ, ಆಗ 3.5 ಮೆಗಾಹರ್ಟ್ಸ್‌ಗೆ ಇಳಿಯಿರಿ. 100 ವಾಟ್‌ನ ಸೆಟ್ ಮಾತಾಡುವಾಗ 20 ಆಂಪಿಯರ್ ಎಳೆಯುತ್ತದೆ, 7 ಆಂಪಿಯರ್-ಅವರ್‌ನ ಯುಪಿಎಸ್ ಬ್ಯಾಟರಿ ಅದನ್ನು ತಾಳದು. 25 ವಾಟ್‌ಗೆ ಇಳಿಸಿ, ಆಚೆಯವರ ಸೆಟ್ಟಿನಲ್ಲಿ ಸಿಗ್ನಲ್ ಬಲ ತೋರಿಸುವ ಮೀಟರಿನಲ್ಲಿ ಒಂದೇ ಎಸ್-ಯೂನಿಟ್, ಅಂದರೆ ಒಂದು ಮೆಟ್ಟಿಲು, ಕಡಿಮೆ. ಇದನ್ನು ಕೇಳಿ ತಿಳಿದುಕೊಂಡರೆ ಆಗದು, ಮೇನ್ ಸ್ವಿಚ್ ಇಳಿಸಿ ಒಂದು ಸಂಜೆ ಮಾಡಿ ನೋಡಬೇಕು.

ಆ ಅಪಾರ್ಟ್‌ಮೆಂಟಿನವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಇಬ್ಬರನ್ನಾದರೂ ಪರೀಕ್ಷೆಗೆ ಕೂರಿಸಿ. ಲೈಸೆನ್ಸ್ ಬರುವವರೆಗೆ ಸೆಟ್ ಮುಟ್ಟಬೇಡಿ, ಅಭ್ಯಾಸ ಮಾತ್ರ ಈ ಭಾನುವಾರವೇ ಶುರುವಾಗಲಿ. ಎರಡು ಕೋಣೆ, ಕಾಗದ, ಪೆನ್ಸಿಲ್ ಸಾಕು. ಮುಚ್ಚಿದ ಬಾಗಿಲಿನ ಆಚೆಯಿಂದ ಒಬ್ಬರು 25 ಪದದ ಸಂದೇಶ ಹೇಳಲಿ: ಮನೆ ಸಂಖ್ಯೆ, ರಕ್ತದ ಗುಂಪು, ಔಷಧದ ಹೆಸರು, ಎಷ್ಟು ಜನ. ಈಚೆಯವರು ಬರೆದುಕೊಂಡು ತಿರುಗಿ ಓದಲಿ. ಬಾಗಿಲು ತೆರೆದು ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ.