ಹುಳುಕು ಹಲ್ಲಿನಲ್ಲಿ ಹುಳ ಇರುತ್ತದೆಯೇ?

ಬೀಜದ ಹೊಗೆ ಕೊಟ್ಟರೆ ಹುಳುಕು ಹಲ್ಲಿನಿಂದ ಹುಳ ಉದುರುತ್ತದೆ ಎನ್ನುವ ವಿಡಿಯೋ ಮತ್ತೆ ಮತ್ತೆ ಬರುತ್ತದೆ. ಇದು ನಿಜವಲ್ಲ. ನಂಬಿದವರನ್ನು ದೂರುವಂತಿಲ್ಲ, ‘ಹುಳುಕು’ ಎಂಬ ಮಾತಿನಲ್ಲೇ ಹುಳ ಇದೆ ಅಲ್ವಾ?

ಹಲ್ಲು ಹಾಳು ಮಾಡುವುದು ಆಮ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಅದು ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಕರಗಿಸುತ್ತದೆ. ಸಣ್ಣ ಹಾನಿಯನ್ನು ಜೊಲ್ಲು ಸರಿಪಡಿಸಬಲ್ಲದು, ಆದರೆ ಅದಕ್ಕೆ ಬಿಡುವು ಬೇಕು. ಹದಿಹರೆಯದ ಮಕ್ಕಳು ಗಂಟೆಗೊಮ್ಮೆ ಚಾಕೊಲೇಟ್, ಕೂಲ್ ಡ್ರಿಂಕ್ಸ್ ಅಂತ ಬಾಯಾಡಿಸುತ್ತಿದ್ದರೆ ಆ ಬಿಡುವೇ ಸಿಗುವುದಿಲ್ಲ. ಸಕ್ಕರೆ ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಜಾಸ್ತಿ ಮುಖ್ಯ.

ನೀವೇ ಪರೀಕ್ಷಿಸಬಹುದು. ಉದುರಿದ ‘ಹುಳ’ವನ್ನು ಭೂತಗನ್ನಡಿಯಲ್ಲಿ ನೋಡಿ. ತಲೆ, ಕಾಲು, ಚಲನೆ ಇದೆಯೇ? ಬಿಸಿಗೆ ಬೀಜದಿಂದ ಹೊರಬಿದ್ದ ಎಳೆಯೂ ಹುಳದಂತೆಯೇ ಕಾಣುತ್ತದೆ. ಹಾಗೆಯೇ ಟೂತ್‌ಪೇಸ್ಟ್ ಮೇಲೆ, ಎನಾಮಲ್ ಗಟ್ಟಿಮಾಡುವ ಫ್ಲೋರೈಡ್ ಕನಿಷ್ಠ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಇದೆಯೇ ನೋಡಿ. ಮಕ್ಕಳು ರಾತ್ರಿ ಮಲಗುವ ಮುಂಚೆ ಅದರಿಂದ ಹಲ್ಲು ಉಜ್ಜಲಿ.