ಬಾಯಿ ಮುಚ್ಚದ ಕೊಂಡಿ

ನಿನ್ನೆ ನಾದಿನಿಯ ಆರತಕ್ಷತೆಯ ಊಟದಲ್ಲಿ, ನಾನೇ ಕೈಯಾರೆ ಮಾಡಿಕೊಟ್ಟಿದ್ದ ಓಲೆಯ ಹಸಿರು ಮಣಿಯೊಂದು ಕಳಚಿ ನೇರವಾಗಿ ಅವಳ ಪಾಯಸದ ದೊನ್ನೆಗೆ ಬಿದ್ದಿತು. ಕಾರಣ, ಕೂದಲೆಳೆಯಷ್ಟು ಬಾಯಿ ಬಿಟ್ಟುಕೊಂಡಿದ್ದ ತಂತಿಯ ಕೊಂಡಿ. ಅದರ ಹಿಂದಿನ ಮಹಾನುಭಾವ, ನನ್ನ ದುಂಡುಮೂತಿಯ ಇಕ್ಕಳ.

ಬುಡದಲ್ಲಿ ದಪ್ಪಗಿದ್ದು ತುದಿಗೆ ಬರುತ್ತ ಸಣ್ಣಗಾಗುವ ಆ ಮೂತಿಯಲ್ಲಿ ತಂತಿ ತುಸು ಆಚೀಚೆ ಸರಿದರೂ ಸಾಕು, ಎಡಗಿವಿಯ ಕೊಂಡಿ ಸಾಸಿವೆಯಷ್ಟು, ಬಲಗಿವಿಯದು ಕಡಲೆಯಷ್ಟು ಆಗುತ್ತದೆ. ಮೂತಿಗೆ ಮಾರ್ಕರ್‌ನಿಂದ ಗೆರೆ ಎಳೆದುಕೊಳ್ಳಿ ಎನ್ನುತ್ತಾರೆ ಬಲ್ಲವರು; ನಾಲ್ಕನೆಯ ಕೊಂಡಿಯ ಹೊತ್ತಿಗೆ ಆ ಗೆರೆ ಅಳಿಸಿ ತಂತಿಗೇ ಮೆತ್ತಿಕೊಂಡಿರುತ್ತದೆ ಎಂಬುದನ್ನು ಮಾತ್ರ ಯಾರೂ ಏಕೆ ಹೇಳುವುದಿಲ್ಲ? 20 ಗೇಜಿನ ಹಿತ್ತಾಳೆ ತಂತಿಯ ದಪ್ಪ ಸುಮಾರು 0.8 ಮಿಲಿಮೀಟರ್, ಹಟ ಮಾತ್ರ ಕಬ್ಬಿಣದ ಗೇಟಿನದು. ತಿದ್ದಲೆಂದು ಬಿಚ್ಚಿ ಬಗ್ಗಿಸಿದಷ್ಟೂ ಅದು ಪೆಡಸಾಗಿ, ಅಂತೂ ದುಂಡಗಾಯಿತು ಎನ್ನುವಷ್ಟರಲ್ಲಿ ಟಕ್ಕೆಂದು ಮುರಿಯುತ್ತದೆ.

ಒಂದೇ ಹಿಡಿತಕ್ಕೆ ತಂತಿಯನ್ನು ಬಗ್ಗಿಸಿ, ಉಳಿದ ತುದಿಯನ್ನು ಕತ್ತರಿಸಿಯೂ ಕೊಡುವ ಇಕ್ಕಳವನ್ನೂ ಕೊಂಡದ್ದಾಯಿತು. ಅದು ಬಗ್ಗಿಸುತ್ತದೆ, ಕತ್ತರಿಸುತ್ತದೆ, ಮುಚ್ಚುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡುತ್ತದೆ.

ನಾದಿನಿಯೋ, ಮಣಿಯನ್ನು ತೊಳೆದು ನನ್ನ ಅಂಗೈಗಿಟ್ಟು, “ಅತ್ತಿಗೆ, ಇನ್ನೊಂದು ಕಿವಿಯದೂ ಅಲುಗಾಡುತ್ತಿದೆ” ಎಂದಳು.