ಎಣ್ಣೆ ಬರುವ ಮೊದಲೇ ಕಣ್ಣು ಮುಚ್ಚಿಕೊಂಡವರು

ಐರ್ಲೆಂಡಿನ ಕಾರ್ಕ್ ಕರಾವಳಿಯಿಂದ ಸುಮಾರು 50 ಕಿಲೋಮೀಟರ್ ಆಚೆ, ಸೆಲ್ಟಿಕ್ ಸಮುದ್ರದ ತಳದಲ್ಲಿ ಬ್ಯಾರಿರೋ ಅನ್ನುವ ಎಣ್ಣೆ ನಿಕ್ಷೇಪ ಇದೆ. ಅಲ್ಲಿ ಎಣ್ಣೆಯ ಸುಳಿವು ಸಿಕ್ಕಿದ್ದು 1970ರ ದಶಕದಲ್ಲಿ. ಅಂದಿನಿಂದ ಮಾರಾಟಕ್ಕೆ ಬಂದ ಎಣ್ಣೆ ಸೊನ್ನೆ ಬ್ಯಾರೆಲ್. ಅದನ್ನು ತೆಗೆದರೆ ಎಷ್ಟು ಲಾಭ ಅನ್ನುವ ವಾದ, ಲೆಕ್ಕ ಮಾತ್ರ ನಿಂತಿಲ್ಲ.

ಪಕ್ಕದ ಮನೆ ನೋಡಿ. ಅದೇ ಸಮುದ್ರದ ಕಿನ್ಸೇಲ್ ಹೆಡ್‌ನಲ್ಲಿ 1971ರಲ್ಲಿ ಗ್ಯಾಸ್ ಸಿಕ್ಕಿತು. 1978ರಲ್ಲಿ ದಡ ಮುಟ್ಟಿತು. 2020ರಲ್ಲಿ ಉತ್ಪಾದನೆ ನಿಂತಿತು. ಹುಟ್ಟಿ, ದುಡಿದು, ರಿಟೈರ್ ಕೂಡ ಆಯಿತು. ಬ್ಯಾರಿರೋ ಇನ್ನೂ ಜಾತಕ ತೋರಿಸುತ್ತಾ ಕೂತಿದೆ.

ಜಾತಕದಲ್ಲಿ ರಾಜಯೋಗ ಕಂಡಿದ್ದು 2012ರಲ್ಲಿ. ಬಾವಿ ಕೊರೆದು ಪರೀಕ್ಷಿಸಿದಾಗ ದಿನಕ್ಕೆ 3,514 ಬ್ಯಾರೆಲ್ ಹರಿಯಿತು. ಆ ಕೊನೆಯ 14 ನೋಡಿ, ಎಷ್ಟು ಕರಾರುವಾಕ್ಕು! ಆಮೇಲೆ ಬಂದ ಅಂದಾಜಿನ ಪ್ರಕಾರ ಹೊರತೆಗೆಯಬಹುದಾದ ಎಣ್ಣೆ 30 ಕೋಟಿ ಬ್ಯಾರೆಲ್‌ಗೂ ಜಾಸ್ತಿ. ಆಗ ಬ್ಯಾರೆಲ್‌ಗೆ 100 ಡಾಲರ್ ದಾಟಿದ ಕಾಲ. ನಿಕ್ಷೇಪದ ಹಕ್ಕು ಹಿಡಿದಿದ್ದ ಪ್ರಾವಿಡೆನ್ಸ್ ರಿಸೋರ್ಸಸ್ ಕಂಪನಿಯ ಷೇರು ಕೊಂಡವರು ಕ್ಯಾಲ್ಕುಲೇಟರ್ ಹಿಡಿದು 30 ಕೋಟಿಯನ್ನು 100ರಿಂದ ಗುಣಿಸಿದರು. ಹನ್ನೊಂದು ಅಂಕಿ. ಪರದೆಯಲ್ಲಿ ಜಾಗ ಸಾಲಲಿಲ್ಲ.

ಅದೇ ಕ್ಯಾಲ್ಕುಲೇಟರಿನಲ್ಲಿ ಕಳೆಯುವ ಗುಂಡಿಯೂ ಇರುತ್ತದೆ. ಅದನ್ನು ಯಾರೂ ಮುಟ್ಟಲಿಲ್ಲ. ಈ ಎಣ್ಣೆಯಲ್ಲಿ ಮೇಣದ ಅಂಶ ಜಾಸ್ತಿ. ನೆಲದಡಿಯ ಬಿಸಿಯಲ್ಲಿ ಸಲೀಸಾಗಿ ಹರಿಯುತ್ತದೆ, ಸಮುದ್ರತಳದ ತಣ್ಣನೆಯ ಪೈಪಿನಲ್ಲಿ ಆರಿದ ಮೇಣದಬತ್ತಿಯ ಹಾಗೆ ಗಟ್ಟಿಯಾಗಿ ಕೂತುಬಿಡಬಹುದು. ಅದಕ್ಕೆ ಪೈಪು ಬೆಚ್ಚಗಿಡಬೇಕು. ಬಂಡೆ ತುಂಡು ತುಂಡಾಗಿ ಜರುಗಿದ್ದರೆ, ಒಂದು ತುಂಡಿಗೆ ಹಾಕಿದ ಬಾವಿಗೆ ಪಕ್ಕದ ತುಂಡಿನ ಎಣ್ಣೆ ಬರುವುದಿಲ್ಲ. ಆಗ ಇನ್ನೊಂದು ಬಾವಿ, ಇನ್ನಷ್ಟು ದುಡ್ಡು. ಇಂಥ ಮಾತು ಎತ್ತಿದವನು ಚರ್ಚೆಯಲ್ಲಿ ತಕ್ಷಣ ಅಪಶಕುನದ ಹಕ್ಕಿ.

ಎಣ್ಣೆ ಲೆಕ್ಕದವರು ಪಾಪ, ಮೂರು ಅಂಕಿ ಕೊಡುತ್ತಾರೆ. ಪಿ90, ಪಿ50, ಪಿ10. ಪಿ10 ಅಂದರೆ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಎಣ್ಣೆ ಸಿಗುವ ಸಾಧ್ಯತೆ ನೂರಕ್ಕೆ ಹತ್ತು. ಅಂಕಿ ದೊಡ್ಡದು, ಅದಕ್ಕೇ ವಾದಕ್ಕೆ ಇಳಿದವರಿಗೆಲ್ಲ ಅದೇ ಇಷ್ಟ. ವಿರೋಧ ಮಾಡುವವರೇನು ಕಡಿಮೆಯೇ? ಈ ಎಣ್ಣೆಯಿಂದ ಭೂಮಿಯೇ ಸುಟ್ಟುಹೋಗುತ್ತದೆ ಅಂತ ಬೆಳಗ್ಗೆ, ಅಲ್ಲಿ ತೆಗೆಯುವಂಥ ಎಣ್ಣೆಯೇ ಇಲ್ಲ ಅಂತ ಸಂಜೆ.

2018ರಲ್ಲಿ ಚೀನಾದ ಹೂಡಿಕೆದಾರರ ಕೂಟವೊಂದು ದುಡ್ಡು ಹಾಕಲು ಒಪ್ಪಿತು. ದುಡ್ಡು ಬರುತ್ತಿದೆ ಅಂದರು. ಇನ್ನೇನು ಬಂತು ಅಂದರು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದದ್ದನ್ನು ದುಡ್ಡೇ ಓದಿಕೊಂಡಿರಬೇಕು. ಮರುವರ್ಷ ಒಪ್ಪಂದವೇ ಮುಗಿಯಿತು. ಕಂಪನಿ ಧೃತಿಗೆಡದೆ ಮುಂದೊಂದು ದಿನ ತನ್ನ ಹೆಸರನ್ನೇ ಬ್ಯಾರಿರೋ ಅಂತ ಬದಲಿಸಿಕೊಂಡಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರನ್ನು ನೋಡಿದ್ದೇವೆ. ಹುಟ್ಟದ ಕೂಸಿನ ಹೆಸರನ್ನು ಅಪ್ಪನೇ ಇಟ್ಟುಕೊಂಡಿದ್ದನ್ನು ನೋಡಿರಲಿಲ್ಲ.

ನಡುವೆ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಕಚ್ಚಾತೈಲದ ವಾಯಿದೆ ಬೆಲೆ ಒಂದು ದಿನ ಸೊನ್ನೆಗಿಂತಲೂ ಕೆಳಗಿಳಿಯಿತು. ಆ ದಿನ ಯಾರೂ ಗುಣಾಕಾರ ಮಾಡಿದ ಹಾಗೆ ಕಾಣೆ.

2023ರಲ್ಲಿ ಐರ್ಲೆಂಡಿನ ಸಚಿವರು ಅನುಮತಿ ನಿರಾಕರಿಸಿದರು. ಕಾರಣ, ಕಂಪನಿಯ ಆರ್ಥಿಕ ಶಕ್ತಿ ಸಾಲದು. ದುಡ್ಡಿಲ್ಲದೆ ಅನುಮತಿ ಇಲ್ಲ, ಅನುಮತಿ ಇಲ್ಲದೆ ದುಡ್ಡು ಯಾರು ಹಾಕುತ್ತಾರೆ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಇಷ್ಟಾದರೂ ಮಾತಿನಲ್ಲಿ ಬ್ಯಾರಿರೋ ಲಾಭ ಇಳಿಯಲಿಲ್ಲ, ಏರಿತು. ಇನ್ನು ಯಾರೂ ಅಲ್ಲಿ ಕೊರೆದು ನೋಡಿ ಅಂಕಿಯನ್ನು ಸುಳ್ಳು ಮಾಡುವ ಭಯವಿಲ್ಲ, ಅಲ್ವಾ?